ಹಣ್ಣು ತರಕಾರಿಗಳ ರಸವನ್ನು ಹಿಂಡುವುದೂ ತಿರುಳನ್ನು ಅರೆದು ಕುಡಿಯುವುದೂ

ಬೇಸಗೆಯಲ್ಲಿ ಕರಾವಳಿಯ ಗುಡ್ಡಗಳಲ್ಲಿ ಗೇರುಹಣ್ಣೂ, ಅದರ ಹಿಂದೆಯೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತುಮುತ್ತಲಿನ ತೋಪುಗಳಲ್ಲಿ ಮಾವೂ ರಾಶಿರಾಶಿಯಾಗಿ ಕೈಗೆ ಬರುತ್ತವೆ. ಪೇಟೆಯ ಧಾರಣೆ ಇಳಿದಾಗ ಸಾಗಣೆಯ ಖರ್ಚೂ ಹುಟ್ಟದೆ, ಬಹಳಷ್ಟು ಹಣ್ಣು ಮರದ ಬುಡದಲ್ಲಿಯೇ ಕೊಳೆಯುವುದುಂಟು. ಈ ನಷ್ಟವನ್ನು ತಪ್ಪಿಸಲು ಹಣ್ಣನ್ನು ಪಾನೀಯವಾಗಿ ಮಾರ್ಪಡಿಸುವುದು ಒಂದು ಒಳ್ಳೆಯ ಉಪಾಯ. ಆದರೆ ರಸ ಹಿಂಡುವ ಯಂತ್ರವನ್ನು ಕೊಳ್ಳಬೇಕೇ, ತಿರುಳನ್ನು ಅರೆಯುವ ಯಂತ್ರವನ್ನು ಕೊಳ್ಳಬೇಕೇ ಎಂಬುದನ್ನು ತೋಟದ ಯಜಮಾನರು ಹಣ ತೆರುವುದಕ್ಕೆ ಮೊದಲೇ ವಿಚಾರಮಾಡತಕ್ಕದ್ದು.

ಎರಡು ವಿಧಾನಗಳ ಭೇದ

ಹಣ್ಣನ್ನು ಹಿಂಡಿ ಸೋಸಿದಾಗ ಅದರಲ್ಲಿರುವ ನೀರು, ಸಕ್ಕರೆ, ಹುಳಿ, ನೀರಿನಲ್ಲಿ ಕರಗುವ ಲವಣಗಳು ಮತ್ತು ‘ಸಿ’ ಜೀವಸತ್ವದ ಹೆಚ್ಚಿನ ಭಾಗ ರಸದಲ್ಲಿ ಬರುತ್ತವೆ. ನಾರಿನ ಅಂಶವಾದರೋ ಬಹುಮಟ್ಟಿಗೆ ಹಿಪ್ಪೆಯಲ್ಲಿಯೇ ಉಳಿದುಹೋಗುತ್ತದೆ. 100 ಗ್ರಾಂ ಕಿತ್ತಳೆಯ ತೊಳೆಗಳಲ್ಲಿ ಸುಮಾರು 2.4 ಗ್ರಾಂ ನಾರಿದ್ದರೆ, ಅಷ್ಟೇ ತೂಕದ ಸೋಸಿದ ರಸದಲ್ಲಿ ಸುಮಾರು 0.2 ಗ್ರಾಂ ಮಾತ್ರ ಇರುತ್ತದೆ. ಸಕ್ಕರೆಯಾದರೋ ಎಲ್ಲಿಯೂ ಹೋಗುವುದಿಲ್ಲ. 200 ಮಿಲಿಲೀಟರು ಕಿತ್ತಳೆ ರಸದಲ್ಲಿ ಸುಮಾರು 17 ಗ್ರಾಂ, ಎಂದರೆ ನಾಲ್ಕು ಸಣ್ಣ ಚಮಚೆಯಷ್ಟು ಸಕ್ಕರೆ ಇರುತ್ತದೆ.

ಎರಡನೆಯ ವಿಧಾನದಲ್ಲಿ ಸಿಪ್ಪೆ ಬೀಜಗಳನ್ನು ತೆಗೆದು ತಿರುಳನ್ನೆಲ್ಲ ಅರೆದು, ಹಾಲನ್ನೋ ಮಜ್ಜಿಗೆಯನ್ನೋ ಬೆರೆಸಿ, ಸೋಸದೆ ಕುಡಿಯುತ್ತಾರೆ. ಪಟ್ಟಣಗಳಲ್ಲಿ ಇದಕ್ಕೆ ‘ಸ್ಮೂದಿ’ ಎಂದು ಹೆಸರು. ಹೆಸರು ಹೊಸದಾದರೂ ಪದಾರ್ಥವು ನಮಗೆ ಹೊಸದಲ್ಲ. ಮಾವಿನ ಸೀಕರಣೆಯೂ ಬಾಳೆಹಣ್ಣಿನ ರಸಾಯನವೂ ಇದೇ ಜಾತಿಗೆ ಸೇರಿದುವು. ಇದರಲ್ಲಿ ನಾರು ನಷ್ಟವಾಗುವುದಿಲ್ಲ.

ಹಾಗೆಂದು ಅರೆದ ತಿರುಳು ಇಡೀ ಹಣ್ಣಿಗೆ ಸಮಾನವೆಂದು ಭಾವಿಸಕೂಡದು. 1977ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಮಂದಿಗೆ ಸೇಬನ್ನು ಇಡಿಯಾಗಿಯೂ, ಅರೆದೂ, ರಸವಾಗಿಯೂ ಕೊಟ್ಟು ಪರೀಕ್ಷಿಸಿದರು. ಅವರು ಇಡೀ ಹಣ್ಣಿಗಿಂತ ಹನ್ನೊಂದು ಪಾಲು, ಅರೆದ ಹಣ್ಣಿಗಿಂತ ನಾಲ್ಕು ಪಾಲು ವೇಗದಲ್ಲಿ ರಸವನ್ನು ಸೇವಿಸಿದರು. ಹೊಟ್ಟೆ ತುಂಬಿದ ತೃಪ್ತಿ ಇಡೀ ಹಣ್ಣಿನಿಂದ ಹೆಚ್ಚಾಗಿಯೂ, ಅರೆದುದರಿಂದ ಅದಕ್ಕಿಂತ ಕಡಮೆಯಾಗಿಯೂ, ರಸದಿಂದ ಎಲ್ಲಕ್ಕಿಂತ ಕಡಮೆಯಾಗಿಯೂ ಕಂಡುಬಂತು. ಆದುದರಿಂದ ಹಲ್ಲು ಗಟ್ಟಿಯಾಗಿರುವವರು ಹಣ್ಣನ್ನು ಕಚ್ಚಿ ತಿನ್ನುವುದೇ ಉತ್ತಮ. ತಿರುಳಿನ ಪಾನೀಯವು ಮಧ್ಯಮ. ಸೋಸಿದ ರಸವು ಮಿತವಾಗಿ ಸೇವಿಸತಕ್ಕದ್ದು. ಮಧುಮೇಹವುಳ್ಳವರು ಈ ಭೇದವನ್ನು ವಿಶೇಷವಾಗಿ ಗಮನಿಸಬೇಕು.

ಯಾವ ಹಣ್ಣಿಗೆ ಯಾವ ವಿಧಾನ

ಮಾವು, ಪರಂಗಿ, ಬಾಳೆ, ಸಪೋಟ ಇವುಗಳ ತಿರುಳು ಮೃದುವಾಗಿಯೂ ಮಂದವಾಗಿಯೂ ಇರುವುದರಿಂದ, ಹಿಂಡಿದರೆ ರಸ ಸರಿಯಾಗಿ ಇಳಿಯದು. ಇವನ್ನು ಅರೆಯುವುದೇ ಲಾಭಕರ. ಗಜ್ಜರಿಯಲ್ಲಿಯೂ ಮಾವಿನಲ್ಲಿಯೂ ಇರುವ ಕೆರೋಟಿನ್ ಎಂಬ ಹಳದಿ ದ್ರವ್ಯವು ಕಣ್ಣಿಗೆ ಹಿತವಾದ ‘ಎ’ ಜೀವಸತ್ವಕ್ಕೆ ಮೂಲ. ಇದು ನೀರಿನಲ್ಲಿ ಕರಗದೆ ತಿರುಳಿಗೆ ಅಂಟಿಕೊಂಡಿರುವುದರಿಂದ, ಸೋಸಿದಾಗ ಒಂದು ಭಾಗ ಹಿಪ್ಪೆಯ ಪಾಲಾಗುತ್ತದೆ. ಇದು ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಜಿಡ್ಡೂ ಬೇಕು. ಹಾಲು ಬೆರೆಸಿದ ಸೀಕರಣೆಯು ಮಕ್ಕಳಿಗೆ ಒಳ್ಳೆಯದಾಗಿರುವುದಕ್ಕೆ ಇದೇ ಕಾರಣ.

ನಿಂಬೆ, ಕಿತ್ತಳೆ, ದ್ರಾಕ್ಷಿ, ದಾಳಿಂಬೆ ಇವು ಹಿಂಡುವುದಕ್ಕೆ ತಕ್ಕವು. ಕಿತ್ತಳೆಯನ್ನು ಬೀಜಸಹಿತ ಅರೆದರೆ ಕಹಿಯಾಗುವುದು. ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ನಾಲ್ಕೈದು ಪಾಲು ‘ಸಿ’ ಜೀವಸತ್ವವಿದ್ದರೂ, ಅದರ ಒಗರಿನಿಂದ ಗಂಟಲು ಕೆರೆಯುವುದರಿಂದ ಜನರು ಬೀಜವನ್ನು ತಿರುಚಿಕೊಂಡು ಹಣ್ಣನ್ನು ಎಸೆಯುತ್ತಾರೆ. ಅದರ ರಸವನ್ನು ಹಿಂಡಿ, ತಣಿದ ಸಾಬುದಾನಿಯ ಗಂಜಿಯನ್ನಾಗಲಿ ಅಕ್ಕಿಯ ಗಂಜಿಯನ್ನಾಗಲಿ ಬೆರೆಸಿ ಕದಲಿಸದೆ ಇಟ್ಟರೆ, ಒಗರು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಳ್ಳಬಹುದು.

ಸೋರೆಕಾಯಿಯ ವಿಷಯದಲ್ಲಿ ಎಚ್ಚರಿಕೆ

ಆರೋಗ್ಯಕ್ಕೆಂದು ಹಸಿ ಸೋರೆಕಾಯಿಯ ರಸವನ್ನು ಕುಡಿಯುವ ಅಭ್ಯಾಸ ಹಲವೆಡೆ ಹರಡಿದೆ. ಕೆಲವು ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿಯಾದ ವಿಷದ್ರವ್ಯ ಸೇರಿಕೊಂಡಿರುತ್ತದೆ. ಅಂತಹ ರಸವನ್ನು ಕುಡಿದವರಿಗೆ ವಾಂತಿ, ಭೇದಿ, ರಕ್ತವಾಂತಿಗಳಾಗಿ ಪ್ರಾಣಹಾನಿಯೂ ಸಂಭವಿಸಿದೆ. ಇದಕ್ಕೆ ಪ್ರತಿವಿಷವಿಲ್ಲ. ಪಲ್ಯದಲ್ಲಿ ಕಹಿ ಕಂಡರೆ ಒಂದು ತುತ್ತಿಗೇ ಬಿಟ್ಟುಬಿಡುತ್ತಾರೆ. ರಸವಾದರೋ ಒಂದು ಕಾಯಿಯ ಸಾರವೆಲ್ಲವನ್ನೂ ಒಂದೇ ಗುಟುಕಿನಲ್ಲಿ ಒಳಗೆ ಸೇರಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ನೇಮಿಸಿದ ತಜ್ಞರ ಸಮಿತಿಯ ವರದಿ 2012ರಲ್ಲಿ ಪ್ರಕಟವಾಯಿತು. ಹಿಂಡುವ ಮೊದಲು ಕಾಯಿಯ ಒಂದು ಚೂರನ್ನು ನಾಲಗೆಯ ಮೇಲಿಟ್ಟು ನೋಡಿ, ಕಹಿಯಾಗಿದ್ದರೆ ಎಸೆದುಬಿಡಬೇಕು; ಅದರ ರಸವನ್ನು ಇತರ ರಸಗಳೊಡನೆ ಬೆರೆಸಬಾರದು ಎಂಬುದು ಅದರ ಸಲಹೆ. ಹಾಗಲಕಾಯಿಯೊಡನೆ ಬೆರೆಸಿದರೆ ಕಹಿ ಯಾವುದರದೆಂದು ತಿಳಿಯುವ ಬಗೆಯೇ ಇಲ್ಲ. ಅರೆದು ಕುಡಿಯುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಕುಡಿದ ಮೇಲೆ ಹೊಟ್ಟೆನೋವು, ವಾಂತಿ ಕಂಡುಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಪಾತ್ರೆ, ಶುಚಿ ಮತ್ತು ಶೇಖರಣೆ

ಹುಳಿಯುಳ್ಳ ರಸವನ್ನು ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಇಡಲೇಕೂಡದು. ಹುಳಿಗೆ ತಾಮ್ರ ಕರಗಿ ವಿಷಕರವಾಗುವುದಲ್ಲದೆ, ‘ಸಿ’ ಜೀವಸತ್ವವೂ ನಾಶವಾಗುತ್ತದೆ. ಗಾಜು, ಪಿಂಗಾಣಿ ಅಥವಾ ಸ್ಟೇನ್‌ಲೆಸ್ ಉಕ್ಕಿನ ಪಾತ್ರೆಗಳು ಯೋಗ್ಯವಾದುವು. ಬಿದ್ದ ಹಣ್ಣನ್ನು ಉಪಯೋಗಿಸುವಾಗ ಬಿರಿದುದನ್ನೂ ಬೂಷ್ಟು ಹಿಡಿದುದನ್ನೂ ಬೇರ್ಪಡಿಸಿ, ಉಳಿದುದನ್ನು ಶುದ್ಧವಾದ ನೀರಿನಲ್ಲಿ ತೊಳೆಯಬೇಕು. ರಸವಾಗಲಿ ಅರೆದ ತಿರುಳಾಗಲಿ ಬೇಸಗೆಯ ಕಾವಿನಲ್ಲಿ ಬೇಗನೆ ಹುದುಗುವುದರಿಂದ, ಬೇಕಾದಷ್ಟನ್ನೇ ಮಾಡಿ ಆಗಲೇ ಮುಗಿಸುವುದು ಕ್ಷೇಮ.

ಮಾರಾಟಕ್ಕೆ ಮಾಡತಕ್ಕವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ನೋಂದಣಿಯನ್ನಾಗಲಿ ಪರವಾನಗಿಯನ್ನಾಗಲಿ ಪಡೆದಿರಬೇಕು. ಸ್ಕ್ವಾಷ್ ಎಂದು ಮಾರುವ ಪದಾರ್ಥದಲ್ಲಿ ನೂರಕ್ಕೆ 25 ಭಾಗಕ್ಕೆ ಕಡಮೆಯಿಲ್ಲದಂತೆ ಹಣ್ಣಿನ ರಸವಿರತಕ್ಕದ್ದು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಈ ಕಸುಬುಗಳಲ್ಲಿ ಶಿಕ್ಷಣ ಕೊಡುತ್ತಾರೆ.

ಹಿಪ್ಪೆಯ ವಿನಿಯೋಗ

ರಸ ಹಿಂಡಿದ ಮೇಲೆ ಉಳಿಯುವ ಹಿಪ್ಪೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಿತ್ತಳೆಯಿಂದ ಅದರ ತೂಕದ ಅರ್ಧಭಾಗದಷ್ಟು ಕೂಡ ರಸ ಬರುವುದು ಅಪರೂಪ. ಹಸಿ ಹಿಪ್ಪೆಯನ್ನು ಅಂದೇ ಮಿತವಾಗಿ ದನಗಳಿಗೆ ಹಾಕಬಹುದು. ಹುಳಿತುದನ್ನೂ ಬೂಷ್ಟಾದುದನ್ನೂ ಹಾಕದೆ, ಸಗಣಿಯೊಡನೆ ಗೊಬ್ಬರದ ಗುಂಡಿಗೆ ಸೇರಿಸತಕ್ಕದ್ದು.

ಹೀಗೆ ವಿಚಾರಮಾಡಿದರೆ, ಮನೆಯ ಬಳಕೆಗೆ ಅರೆಯುವ ಯಂತ್ರವೊಂದೇ ಸಾಕೆಂದೂ, ನಿಂಬೆ, ದ್ರಾಕ್ಷಿ, ಗೇರುಗಳನ್ನು ಹೆಚ್ಚಾಗಿ ಬೆಳೆಯುವ ಗ್ರಾಮಗಳಲ್ಲಿ ಮಾತ್ರ ಹಲವರು ಕೂಡಿ ಹಿಂಡುವ ಯಂತ್ರವನ್ನು ಕೊಳ್ಳುವುದು ಉಚಿತವೆಂದೂ ತಿಳಿಯುತ್ತದೆ. ಗ್ರಾಮದ ಹಿರಿಯರು ಈ ವಿಷಯಗಳನ್ನು, ಮುಖ್ಯವಾಗಿ ಸೋರೆಕಾಯಿಯ ವಿಷಯವನ್ನು, ಓದಲು ಬಾರದವರಿಗೂ ತಿಳಿಯಹೇಳಿದರೆ ಮಹೋಪಕಾರವಾಗುವುದು.