ಸ್ವಂತ ಉದ್ಯೋಗ ಮತ್ತು ಒಡೆಯನ ಆರೋಗ್ಯ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಿಂದ ಮುಂಬಯಿಗೆ ಬಂದ ಅನೇಕ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಲೋಟ ತೊಳೆಯುವುದರಿಂದ ಮೊದಲುಗೊಂಡು, ಮಾಣಿಯಾಗಿ, ಗಲ್ಲಾದಲ್ಲಿ ಕುಳಿತು, ಕೊನೆಗೆ ಸ್ವಂತ ಹೋಟೆಲು ತೆರೆದವರು ಅವರಲ್ಲಿ ಹಲವರು. ಈ ಏಳಿಗೆ ಅಭಿಮಾನದ ಸಂಗತಿಯೇ ಸರಿ; ಆದರೆ ಅದರೊಳಗೆ ಒಂದು ನಷ್ಟವೂ ಅಡಗಿದೆ.

ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ನೌಕರನು ವಂತಿಗೆಯ ನಿಯಮ ಪೂರೈಸಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟನ್ನು ಪಡೆಯುತ್ತಾನೆ. ಅವನೇ ಒಡೆಯನಾದ ದಿನ ಈ ಆಸರೆ ತಪ್ಪುತ್ತದೆ. ಮಲಗಿದಷ್ಟು ದಿನದ ಹೊರೆಯೆಲ್ಲ ಅವನದೇ.

ಭಾರತದ ದುಡಿಯುವವರಲ್ಲಿ ಸ್ವಂತ ಉದ್ಯೋಗಿಗಳ ಪಾಲು 2017-18ರಲ್ಲಿ ಶೇಕಡಾ 52.2 ಇದ್ದುದು 2023-24ರಲ್ಲಿ 58.4ಕ್ಕೆ ಏರಿತು. ಸಂಬಳವಿಲ್ಲದೆ ಮನೆಯ ಉದ್ಯಮಕ್ಕೆ ದುಡಿಯುವ ಗೃಹಿಣಿಯೂ ಈ ಲೆಕ್ಕದಲ್ಲಿ ಸೇರಿದ್ದಾಳೆ. ಅವಳ ಕಾಯಿಲೆಯಂತೂ ಯಾರ ಲೆಕ್ಕಕ್ಕೂ ಬಾರದು.

ನಸುಕಿನಿಂದ ನಡುರಾತ್ರಿಯವರೆಗೆ ನಿಂತೇ ಮಾಡುವ ಕೆಲಸ, ಹೊತ್ತು ತಪ್ಪಿದ ಊಟ, ಅರೆನಿದ್ದೆ ಇವು ರಕ್ತದೊತ್ತಡ ಮಧುಮೇಹಗಳಿಗೆ ಹಾದಿಮಾಡಿಕೊಡುತ್ತವೆ. ಇವೆರಡೂ ಮೊದಮೊದಲು ಯಾವ ಲಕ್ಷಣವನ್ನೂ ತೋರದಿರಬಹುದು. ಆದುದರಿಂದ ಮೂವತ್ತು ದಾಟಿದ ದಂಪತಿಗಳಿಬ್ಬರೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಆರೋಗ್ಯವಿಮೆಯನ್ನು ದೇಹ ಗಟ್ಟಿಯಾಗಿರುವಾಗಲೇ ಮಾಡಿಸುವುದು ಲೇಸು. ಎಪ್ಪತ್ತು ತುಂಬಿದವರಿಗೆ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ಚಿಕಿತ್ಸೆಯ ಸೌಲಭ್ಯ 2024ರ ಅಕ್ಟೋಬರಿನಿಂದ ಆದಾಯದ ಮಿತಿಯಿಲ್ಲದೆ ಲಭಿಸಿದೆ. ಅಲ್ಲಿಯವರೆಗಿನ ವರ್ಷಗಳಿಗೆ ಮಾತ್ರ ಒಡೆಯನೇ ಏರ್ಪಾಡು ಮಾಡಿಕೊಳ್ಳಬೇಕಾಗಿದೆ.