ವರ್ಸೇಲ್ಸ್‌ನಲ್ಲಿ ಕೈಕುಲುಕಿದರು, ಮಂಗಳೂರಿನಲ್ಲಿ ಕೈಬಿಟ್ಟರು

ಚಂದಕವಾಡಿ ಕಡೆಯವರು ಸತ್ಯಮಂಗಲಕ್ಕೆ ಹೋಗಬೇಕೆಂದರೆ ಚಾಮರಾಜನಗರ, ಪುಣಜನೂರು, ಹಾಸನೂರು ದಾಟಿ ದಿಂಬಂನ 27 ತಿರುವು ಇಳಿಯುತ್ತಾರೆ. ಟಿಪ್ಪುವಿನ ಕಾಲದ ದಂಡಿನ ದಾರಿ ಬೇರೆ. ಅದು ಇನ್ನೂ ಪಶ್ಚಿಮಕ್ಕೆ, ಮೋಯಾರ್ ಕಣಿವೆಗೆ ಇಳಿಯುವ ಗಜ್ಜಲಹಟ್ಟಿ ಘಾಟಿ. ಅದರ ಕೆಳಗಿದ್ದ ದಣಾಯಕನಕೋಟೆ ಈಗ ಭವಾನಿಸಾಗರದಲ್ಲಿ ಮುಳುಗಿದೆ. 1783ರ ನವೆಂಬರಿನಲ್ಲಿ ಪಾಲಕ್ಕಾಡು, ಕೊಯಮತ್ತೂರು ಹಿಡಿದ ಇಂಗ್ಲಿಷರ ಕರ್ನಲ್ ಫುಲ್ಲರ್ಟನ್ ಇದೇ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನುಗ್ಗುವ ಲೆಕ್ಕ ಹಾಕಿದ್ದ. ಹತ್ತಲಿಲ್ಲ. ಟಿಪ್ಪುವಿನೊಂದಿಗೆ ಸಂಧಿಯ ಮಾತು ನಡೆದಿದೆ, ಹಿಂದಿರುಗು ಎಂಬ ಆದೇಶ ಬಂತು.

ಆ ಸಂಧಿಯ ಬೇರು ಇದ್ದದ್ದು ಫ್ರಾನ್ಸಿನಲ್ಲಿ. ಅಮೆರಿಕದ ಯುದ್ಧದ ನೆಪದಲ್ಲಿ ಇಂಗ್ಲೆಂಡ್ ಮೇಲೆ ಬಿದ್ದಿದ್ದ ಫ್ರಾನ್ಸಿಗೆ ಮೈಸೂರು ಒದಗಿಬಂದ ಗೆಳೆಯ. ಅಮೆರಿಕದ ಲೆಕ್ಕ ತೀರುತ್ತಿದ್ದಂತೆ, 1783ರ ಜನವರಿ 20ರಂದು ವರ್ಸೇಲ್ಸ್‌ನಲ್ಲಿ ಇಬ್ಬರೂ ರಾಜಿಯಾದರು. ಸುದ್ದಿ ಹಡಗಿನಲ್ಲಿ ಬರಬೇಕಲ್ಲ! ಜೂನ್ 13ರಂದು ಕಡಲೂರಿನಲ್ಲಿ ಫ್ರೆಂಚ್ ಸೇನಾಪತಿ ಬುಸ್ಸಿಯ ದಂಡೂ ಇಂಗ್ಲಿಷರೂ ಹೊಡೆದಾಡಿದರು. ಇಂಗ್ಲಿಷರ ಕಡೆಯೊಂದರಲ್ಲೇ ಸತ್ತವರು, ಗಾಯಗೊಂಡವರು ಸೇರಿ ಸುಮಾರು ಸಾವಿರ ಮಂದಿ. ಅವರ ರಾಜರು ರಾಜಿಯಾಗಿ ಆಗಲೇ ಐದು ತಿಂಗಳಾಗುತ್ತ ಬಂದಿತ್ತು. ಜೂನ್ ಕೊನೆಗೆ ಸುದ್ದಿ ಮುಟ್ಟಿತು.

ಟಿಪ್ಪು ಆಗ ಇಂಗ್ಲಿಷರ ಕೈಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ತಂದೆ ಹೈದರ್ ತೀರಿಕೊಂಡು ಏಳು ತಿಂಗಳಷ್ಟೇ. ಜೊತೆಗಿದ್ದ ಕೊಸಿನ್ಯಿಯ ಫ್ರೆಂಚ್ ತುಕಡಿ, ನಮ್ಮ ದೊರೆಗಳು ರಾಜಿಯಾಗಿದ್ದಾರೆ ಎಂದು ಬಂದೂಕು ಕೆಳಗಿಟ್ಟಿತು. ಭಾರತದ ಮಿತ್ರರೂ ನಾಲ್ಕು ತಿಂಗಳೊಳಗೆ ಬಂದು ಸೇರಿಕೊಳ್ಳಬಹುದು ಎಂದು ಒಪ್ಪಂದದಲ್ಲೊಂದು ಕಲಮು ಇತ್ತು. ಊಟ ಮುಗಿದ ಮೇಲೆ ಕೊಟ್ಟ ಕರೆಯೋಲೆ ಅದು. ಇದನ್ನು ಬುಸ್ಸಿಯ ದ್ರೋಹ ಎನ್ನಲಾರೆ. ಅವನು ತನ್ನ ದೊರೆಯ ಮಾತು ನಡೆಸಿದ, ಅಷ್ಟೆ.

ಆದರೂ ಟಿಪ್ಪು ಮಣಿಯಲಿಲ್ಲ. 1784ರ ಜನವರಿ ಕೊನೆಗೆ ಕೋಟೆ ಕೈಗೆ ಬಂತು. ಇಂಗ್ಲಿಷರೇ ಮಂಗಳೂರಿಗೆ ಬಂದು ಮಾರ್ಚ್ 11ರಂದು ಸಹಿ ಹಾಕಿದರು. ಕೊಯಮತ್ತೂರು, ಪಾಲಕ್ಕಾಡು ಅವನಿಗೇ ವಾಪಸಾದವು.

ನಮ್ಮ ಚರಿತ್ರೆಯ ಪಾಠ ಇಲ್ಲಿಗೆ ನಿಲ್ಲುತ್ತದೆ. ಇಂಗ್ಲಿಷರು ಕೈಬಿಟ್ಟ ಇನ್ನೊಬ್ಬ ಮಿತ್ರರ ಮಾತು ಕಡಿಮೆ. ಹೈದರ್ ಬದಿಗೊತ್ತಿದ್ದ ಮೈಸೂರಿನ ಒಡೆಯರಿಗೆ ರಾಜ್ಯ ಮರಳಿ ಕೊಡಿಸಬೇಕೆಂದು ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲರಾವ್ 1782ರ ಅಕ್ಟೋಬರಿನಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು. ಟಿಪ್ಪುವಿನ ಜೊತೆ ರಾಜಿಯಾದ ದಿನವೇ ಆ ಕಾಗದಕ್ಕೆ ಬೆಲೆ ಹೋಯಿತು. ಅರಮನೆಯಲ್ಲಿ ಹೆಸರಿಗಷ್ಟೇ ರಾಜರಾಗಿದ್ದವರು ಖಾಸಾ ಚಾಮರಾಜ ಒಡೆಯರು, ಚಂದಕವಾಡಿಯ ನೆರೆಯ ಅರಿಕುಠಾರದ ಹುಡುಗ.

ಟಿಪ್ಪು ಪಾಠ ಕಲಿತನೆನ್ನಲೂ ಆಗದು. 1788ರಲ್ಲಿ ಅವನ ರಾಯಭಾರಿಗಳು ವರ್ಸೇಲ್ಸಿಗೇ ಹೋಗಿ ಹದಿನಾರನೇ ಲೂಯಿಯನ್ನು ಕಂಡರು; ಉಡುಗೊರೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. 1790ರ ಸೆಪ್ಟೆಂಬರಿನಲ್ಲಿ ಅವನು ಗಜ್ಜಲಹಟ್ಟಿ ಇಳಿದು ಸತ್ಯಮಂಗಲದಲ್ಲಿ ಇಂಗ್ಲಿಷರ ಮೇಲೆ ಬಿದ್ದಾಗಲೂ ಫ್ರಾನ್ಸ್ ಬರಲಿಲ್ಲ.

ಒಡೆಯರ ಮನೆತನಕ್ಕೆ ಪಟ್ಟ ಮರಳಿದ್ದು 1799ರಲ್ಲಿ. ಖಾಸಾ ಚಾಮರಾಜರು 1796ರಲ್ಲೇ ತೀರಿಕೊಂಡಿದ್ದರು. ಮಗ ಮುಮ್ಮಡಿ ಕೃಷ್ಣರಾಜರು 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರಿಟ್ಟರು. ಅದೇ ಇಂದಿನ ಚಾಮರಾಜನಗರ.