ಬಸ್ ಚಾರ್ಜಿನಲ್ಲಿ ಬೆಂಗಳೂರು

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದು ಹುಟ್ಟಿದಾಗ ಭೂಮಿಯ ಮೇಲೆ ಮರವಿರಲಿಲ್ಲ, ಮೀನಿರಲಿಲ್ಲ. ಇದ್ದ ಜೀವವೂ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಈಗ ಭಾನುವಾರ ಬೆಳಿಗ್ಗೆ ಅದರ ಮೇಲೆ ಹಿರಿಯರು ಬಿಸಿಲಿಗೆ ಬೆನ್ನು ಕಾಸಿಕೊಳ್ಳುತ್ತಾರೆ, ಮಕ್ಕಳು ಏದುಸಿರು ಬಿಡುತ್ತ ಮೇಲಕ್ಕೆ ಓಡುತ್ತಾರೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಾ. ಸ್ಮೀತ್ 1916ರಲ್ಲಿ ಇಂಥ ಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಇವತ್ತಿಗೂ ಜಗತ್ತಿನ ಭೂವಿಜ್ಞಾನಿಗಳು ಅದೇ ಹೆಸರಿನಿಂದ ಕರೆಯುತ್ತಾರೆ. ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಬೆಳಗಿನ ನಡಿಗೆಯ ಹೊತ್ತಿಗೆ ಹೋದವರಿಗೆ ಇದನ್ನು ಮುಟ್ಟಿ ನೋಡಲು ಟಿಕೆಟ್ಟೇ ಇಲ್ಲ.

ಬೆಂಗಳೂರು ದುಬಾರಿ ಊರು ಎನ್ನುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಬ್ಬರು ಮಕ್ಕಳನ್ನು ಕರೆದುಕೊಂಡು ಮಾಲಿಗೆ ಹೋಗಿ, ಒಂದು ಸಿನಿಮಾ ನೋಡಿ, ಪಾಪ್‌ಕಾರ್ನ್ ಕೊಡಿಸಿ, ಊಟ ಮುಗಿಸಿ ಬರುವಷ್ಟರಲ್ಲಿ ಎಷ್ಟೋ ಮನೆಗಳ ವಾರದ ತರಕಾರಿ, ಹಾಲಿನ ದುಡ್ಡು ಕರಗಿರುತ್ತದೆ. ಆದರೆ ಇದೇ ಊರಿನಲ್ಲಿ ಇನ್ನೊಂದು ಭಾನುವಾರವೂ ಇದೆ. ಒಬ್ಬೊಬ್ಬ ದಿವಾನ, ಒಬ್ಬೊಬ್ಬ ತೋಟಗಾರ, ಒಬ್ಬ ಲೇಖಕ, ಒಬ್ಬ ನಟಿ, ಹೀಗೆ ಯಾರೋ ಪಟ್ಟು ಹಿಡಿದು ‘ಇದು ಎಲ್ಲರದೂ ಆಗಿರಲಿ’ ಎಂದು ಕಟ್ಟಿಟ್ಟ ಜಾಗಗಳ ಭಾನುವಾರ ಅದು. ದುಡ್ಡಿಲ್ಲದವರಿಗೆಂದು ಮಾಡಿದ ಎರಡನೇ ದರ್ಜೆಯ ಏರ್ಪಾಟಲ್ಲ ಇವು. ಈ ಊರಿನಲ್ಲಿ ಇರುವುದರಲ್ಲೆಲ್ಲ ಉತ್ತಮವಾದದ್ದೇ ಇವು ಎಂಬುದು ನನ್ನ ಗಟ್ಟಿ ನಂಬಿಕೆ.

ಲಾಲ್‌ಬಾಗನ್ನೇ ತೆಗೆದುಕೊಳ್ಳಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಟಿಪ್ಪು ಬೆಳೆಸಿದ್ದು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಇವತ್ತು ಸುಮಾರು 240 ಎಕರೆ. ಗಾಜಿನ ಮನೆಯ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಅದರ ಎರಕದ ಕಬ್ಬಿಣದ ಕಂಬ, ಕಮಾನುಗಳು ಗ್ಲಾಸ್ಗೋದ ಕಾರ್ಖಾನೆಯಿಂದ ಹಡಗಿನಲ್ಲಿ ಬಂದವು. ಆ ಕಾಲದ ಸೂಪರಿಂಟೆಂಡೆಂಟ್ ಜಾನ್ ಕ್ಯಾಮರಾನ್ ದೇಶವಿದೇಶಗಳ ಗಿಡಗಳನ್ನು ಇಲ್ಲಿ ತಂದು ನೆಟ್ಟು, ಬದುಕಿದವನ್ನು ರೈತರಿಗೆ ಹಂಚಿದವರು. ನಮ್ಮ ಸಾರು, ಪಲ್ಯಗಳಲ್ಲಿ ತಣ್ಣಗೆ ಸೇರಿಕೊಂಡಿರುವ ಸೀಮೆಬದನೆ ಬೆಂಗಳೂರಿನ ಹಿತ್ತಿಲುಗಳಿಗೆ ಬಂದದ್ದೂ ಲಾಲ್‌ಬಾಗಿನ ದಾರಿಯಿಂದಲೇ.

ಕ್ಯಾಮರಾನ್ ನಂತರ 1908ರಲ್ಲಿ ಬಂದವರು ಜರ್ಮನಿಯ ಕ್ರುಂಬಿಗಲ್. ಲಂಡನ್ನಿನ ಕ್ಯೂ ತೋಟದಲ್ಲಿ ಕಲಿತು, ಬರೋಡದಲ್ಲಿ ದುಡಿದು, ಮೈಸೂರು ಮಹಾರಾಜರ ಕರೆಗೆ ಬೆಂಗಳೂರಿಗೆ ಬಂದವರು ಮತ್ತೆ ಈ ಊರು ಬಿಡಲೇ ಇಲ್ಲ. 1956ರಲ್ಲಿ ಇಲ್ಲೇ ತೀರಿಕೊಂಡರು. ಊರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂ ಉದುರುವಾಗ ಇನ್ನೊಂದು ಜಾತಿಯದು ಅರಳಬೇಕು, ವರ್ಷದ ಯಾವ ತಿಂಗಳೂ ಬರಿದಾಗಬಾರದು ಎಂದು ಲೆಕ್ಕ ಹಾಕಿ ಮರ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಸುಮಾರು 15 ಲಕ್ಷ ಸಸಿ ನೆಡಿಸಿ ಆ ಕೆಲಸವನ್ನು ಹೊಸ ಬಡಾವಣೆಗಳಿಗೂ ಒಯ್ದರು. ಹಾಗಾಗಿ ಬೆಂಗಳೂರಿನಲ್ಲಿ ಪೈಸೆ ಖರ್ಚಿಲ್ಲದ ಮೊದಲನೆಯ ಮನರಂಜನೆಯೆಂದರೆ ತಲೆಯೆತ್ತಿ ನಡೆಯುವುದು. ಚಳಿ ಹಿಂದೆ ಸರಿಯುವಾಗ ಗುಲಾಬಿ ಬಣ್ಣದ ಟಬೂಬಿಯಾ, ಆಮೇಲೆ ನೇರಳೆ ಬಣ್ಣದ ಜಕರಂಡ, ಯುಗಾದಿ ಆಸುಪಾಸಿಗೆ ಚಿಗುರಿ ಹೂಬಿಡುವ ಹೊಂಗೆ, ಮೇ ತಿಂಗಳಿಗೆ ಕೆಂಪಗೆ ಉರಿಯುವ ಗುಲ್‌ಮೊಹರ್. ಜಯನಗರ, ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಬೆಳಿಗ್ಗೆ ಏಳರೊಳಗೆ ಹೋದರೆ ಇಡೀ ಬೀದಿ ನಿಮ್ಮದೇ.

ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಲಾಲ್‌ಬಾಗ್ ಕಾಣುವುದು ಮಿಕ್ಕ ದಿನಗಳಲ್ಲಿ. ಮರಗಳ ಮೇಲಿನ ಹೆಸರಿನ ಫಲಕ ಓದುತ್ತ, ಬೂರುಗದ ಮುದಿಮರದ ಬೇರಿನ ಗೋಡೆಗಳ ನಡುವೆ ಮಕ್ಕಳನ್ನು ನಿಲ್ಲಿಸಿ, ಕೆರೆಯ ಏರಿಯ ಮೇಲೆ ಸುತ್ತು ಹಾಕಿ, ಕೊನೆಗೆ ಹಾಪ್‌ಕಾಮ್ಸ್ ಮಳಿಗೆಯ ಹಣ್ಣಿನ ರಸ ಕುಡಿದು ಹೊರಬಂದರೆ ಅರ್ಧ ದಿನ ಸಾರ್ಥಕ.

ಬಂಡೆಯ ನೆತ್ತಿಯಲ್ಲಿರುವುದು ಕೆಂಪೇಗೌಡ ಗೋಪುರ. ಇಂಥವು ಇನ್ನೂ ಮೂರಿವೆ: ಒಂದು ಹಲಸೂರು ಕೆರೆಯ ಬಳಿ, ಒಂದು ಕೆಂಪಾಂಬುಧಿ ಕೆರೆಯ ಬಳಿ, ಮತ್ತೊಂದು ಮೇಖ್ರಿ ವೃತ್ತದ ಹತ್ತಿರ. ಊರು ಇಷ್ಟರವರೆಗೆ ಬೆಳೆಯಲಿ ಎಂದು ಹಾಕಿದ ಎಲ್ಲೆ ಇದು ಎಂಬ ಮಾತು ಬಹಳ ಕಾಲದಿಂದ ನಡೆದುಬಂದಿದೆ. ಬಿಎಂಟಿಸಿಯ ಸಾಮಾನ್ಯ ಬಸ್ಸಿನ ದಿನದ ಪಾಸ್ ತೆಗೆದುಕೊಂಡು ನಾಲ್ಕನ್ನೂ ಒಂದೇ ದಿನ ಸುತ್ತಿ ಬನ್ನಿ. ಬಾಣಸವಾಡಿ, ಬನಶಂಕರಿ, ಯಲಹಂಕಗಳನ್ನು ದಾಟಿ ಹರಡಿದ ಊರಿನ ಎದುರು ಆ ಹಳೆಯ ಊರಿನ ಅಳತೆ ಎಷ್ಟು ಚಿಕ್ಕದಿತ್ತೆಂದು ಕಾಲಿಗೇ ಗೊತ್ತಾಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಅಮ್ಮ, ಅಕ್ಕ, ಅಜ್ಜಿಯಂದಿರು ಗುಂಪು ಕಟ್ಟಿಕೊಂಡು ಊರು ನೋಡಲು ಹೊರಟಿರುವುದನ್ನು ಈಗ ಬಸ್ಸುಗಳಲ್ಲಿ ಕಾಣಬಹುದು. ತಾವೇ ಬದುಕಿದ ಊರನ್ನು ಮೊದಲ ಬಾರಿ ತಮ್ಮ ಇಷ್ಟಕ್ಕೆ ಸುತ್ತುವ ಅವರ ಮುಖಗಳನ್ನು ನೋಡಿದರೆ ಸಂತೋಷವಾಗುತ್ತದೆ.

ಕಬ್ಬನ್ ಪಾರ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತು. 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ರೂಪಿಸಿದ್ದು, ಪ್ರವೇಶಕ್ಕೆ ದುಡ್ಡಿಲ್ಲ. ಒಳಗಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಒಳಗೂ ಹೋಗಿ ಓದಲಿ ಎಂಬುದೊಂದೇ ನನ್ನ ಆಸೆ. ಪಕ್ಕದ ಕಸ್ತೂರಬಾ ರಸ್ತೆಯಲ್ಲಿ 1962ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಅದಕ್ಕೆ ಟಿಕೆಟ್ ಇದೆ. ಆದರೆ ಮಕ್ಕಳು ಅಲ್ಲಿಂದ ಬೇಗ ಹೊರಡುವುದಿಲ್ಲವಾದ್ದರಿಂದ ಕೊಟ್ಟ ದುಡ್ಡಿಗೆ ಮೋಸವಿಲ್ಲ. ರೈಟ್ ಸೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಒಳಗಿದ್ದರೆ, ಇದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1961ರಲ್ಲಿ ಮೊದಲು ಹಾರಿದ ‘ಮಾರುತ್’ ಯುದ್ಧವಿಮಾನ ಹೊರಗೆ ನಿಂತಿದೆ. ಟಿ. ಚೌಡಯ್ಯ ರಸ್ತೆಯ ನೆಹರು ತಾರಾಲಯದಲ್ಲಿ ಕನ್ನಡದಲ್ಲೂ ಪ್ರದರ್ಶನವಿದೆ. ಊರಿನ ಬೆಳಕಿನಲ್ಲಿ ನಕ್ಷತ್ರ ಮರೆತ ಮಕ್ಕಳಿಗೆ ಅದು ಬೇಕೇ ಬೇಕು. ವರ್ಷಕ್ಕೊಮ್ಮೆ ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಪ್ರಯೋಗಾಲಯಗಳ ಬಾಗಿಲು ತೆರೆಯುವ ದಿನವನ್ನಂತೂ ತಪ್ಪಿಸಿಕೊಳ್ಳಬೇಡಿ. ಜನಜಂಗುಳಿ ಇರುತ್ತದೆ, ಆದರೆ ಸಂಶೋಧಕರೇ ನಿಂತು ಹೈಸ್ಕೂಲು ಮಕ್ಕಳ ಪ್ರಶ್ನೆಗೆ ಉತ್ತರಿಸುತ್ತಾರೆ.

ಸಂಜೆಯ ಹೊತ್ತಿಗೆ ಜೆ.ಪಿ. ನಗರ. ನಟ, ನಿರ್ದೇಶಕ ಶಂಕರ್‌ನಾಗ್ 1990ರಲ್ಲಿ ತೀರಿಕೊಂಡಾಗ ಈ ಊರಿಗೊಂದು ಒಳ್ಳೆಯ ರಂಗಮಂದಿರ ಬೇಕೆಂಬ ಅವರ ಕನಸು ಹಾಗೇ ಉಳಿದಿತ್ತು. ಅವರ ಪತ್ನಿ ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ಓಡಾಡಿ, ಕೈಯೊಡ್ಡಿ ಹಣ ಕೂಡಿಸಿ, 2004ರಲ್ಲಿ ರಂಗಶಂಕರದ ಬಾಗಿಲು ತೆರೆದರು. ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ ಎಂಬುದು ಅಲ್ಲಿನ ವ್ರತ. ನಾಟಕ ತಂಡಗಳಿಂದ ಪಡೆಯುವ ಬಾಡಿಗೆ ಕಡಿಮೆ ಇಟ್ಟಿದ್ದರಿಂದ ಟಿಕೆಟ್ಟೂ ಕೈಗೆಟುಕುತ್ತದೆ. 300ಕ್ಕೂ ಹೆಚ್ಚು ಆಸನಗಳು ರಂಗವನ್ನು ಮೂರು ಕಡೆಯಿಂದ ಸುತ್ತುವರಿದಿವೆ. ಕೊನೆಯ ಸಾಲಿನಲ್ಲಿ ಕೂತರೂ ನಟನ ಉಸಿರು ಕೇಳಿಸುತ್ತದೆ.

ಅಲ್ಲಿನ ಒಂದು ನಿಯಮ ಊರಿಗೆಲ್ಲ ಗೊತ್ತು: ಮೂರನೇ ಬೆಲ್ ಆದಮೇಲೆ ಬಾಗಿಲು ತೆಗೆಯುವುದಿಲ್ಲ. ಯಾರೇ ಬರಲಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಕಾರಣ ಎಷ್ಟೇ ನಿಜವಿರಲಿ, ಇಲ್ಲ. ಮೊದಲ ಸಲ ಕೇಳಿದವರಿಗೆ ಇದು ಕಟುವೆನಿಸಬಹುದು. ನನಗೆ ಅದು ಪ್ರೇಕ್ಷಕರಿಗೂ ನಟರಿಗೂ ಸಮನಾಗಿ ಸಲ್ಲುವ ಮರ್ಯಾದೆಯಾಗಿ ಕಾಣುತ್ತದೆ. ನೂರೈವತ್ತು ರೂಪಾಯಿ ಕೊಟ್ಟವನ ಸಂಜೆಯೂ ಬೆಲೆಯುಳ್ಳದ್ದು, ಅದನ್ನು ಯಾರೂ ತಮ್ಮ ಮೊಬೈಲಿನ ಬೆಳಕಿನಿಂದ ಕೆಡಿಸಬಾರದು ಎಂದು ಇಲ್ಲಿ ನಂಬುತ್ತಾರೆ. ಹೊರಗಿನ ಕೆಫೆಯಲ್ಲಿ ನಾಟಕ ಮುಗಿದ ಮೇಲೂ ಮಾತು ಮುಗಿಯುವುದಿಲ್ಲ. ಹವ್ಯಾಸಿ ತಂಡಗಳ ನಾಟಕಕ್ಕೆ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಹನುಮಂತನಗರದ ಕೆ.ಎಚ್. ಕಲಾಸೌಧಗಳೂ ಇವೆ. ಪತ್ರಿಕೆಯ ‘ನಗರದಲ್ಲಿ ಇಂದು’ ಪಟ್ಟಿಯನ್ನು ಬೆಳಿಗ್ಗೆ ಕಾಫಿ ಜೊತೆ ಓದುವ ಅಭ್ಯಾಸ ಮಾಡಿಕೊಂಡರೆ ಸಾಕು.

ಆ ಪಟ್ಟಿಯಲ್ಲಿ ಆಗಾಗ ಕಾಣುವ ಎರಡು ಹೆಸರುಗಳು ಬಸವನಗುಡಿ ಕಡೆಯವು. ಎರಡೂ ಹುಟ್ಟಿದ್ದು 1945ರಲ್ಲಿ, ಸ್ವಾತಂತ್ರ್ಯ ಇನ್ನೇನು ಬರುತ್ತದೆ ಎಂದು ದೇಶ ಕಾಯುತ್ತಿದ್ದಾಗ. ನರಸಿಂಹರಾಜ ಕಾಲೊನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದವರು ಡಿ.ವಿ. ಗುಂಡಪ್ಪ. ಪ್ರಜೆಗೆ ತಿಳಿವಳಿಕೆ ಇಲ್ಲದಿದ್ದರೆ ಪ್ರಜಾಪ್ರಭುತ್ವ ನಿಲ್ಲುವುದಿಲ್ಲ ಎಂದು ನಂಬಿದ್ದ ಡಿವಿಜಿ ಅಲ್ಲಿ ಓದಿಗೂ ಚರ್ಚೆಗೂ ಜಾಗ ಮಾಡಿಟ್ಟರು. ಇನ್ನೊಂದು ಬಿ.ಪಿ. ವಾಡಿಯಾ ಸ್ಥಾಪಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ಉಪನ್ಯಾಸ, ಸಂಗೀತ ಕಛೇರಿ, ಗ್ರಂಥಾಲಯ ಎಲ್ಲವೂ ಅಲ್ಲಿವೆ. ಟಿಕೆಟ್ ಕೇಳದೆ, ಹೆಸರು ಬರೆಸಿಕೊಳ್ಳದೆ, ಬಂದವರನ್ನು ಕುರ್ಚಿ ತೋರಿಸಿ ಕೂರಿಸುವ ಸಭಾಂಗಣಗಳು ಇವು. ಮುಂದಿನ ಸಾಲುಗಳಲ್ಲಿ ನರೆತ ತಲೆಗಳೇ ಹೆಚ್ಚು. ಕಾಲೇಜು ಹುಡುಗ ಹುಡುಗಿಯರು ಹೋಗಿ ಆ ಸಾಲುಗಳನ್ನು ತುಂಬಬೇಕು. ಇಂಥ ಕಡೆ ಕೇಳುವವರು ಕಡಿಮೆಯಾದರೆ ಕೆಲವೇ ವರ್ಷಗಳಲ್ಲಿ ಹೇಳುವವರೂ ಬರುವುದಿಲ್ಲ.

ಊಟತಿಂಡಿಗೆ ಚಿಂತೆಯಿಲ್ಲ. ನಿಂತು ತಿನ್ನುವ ದರ್ಶಿನಿಗಳು 1980ರ ದಶಕದಲ್ಲಿ ಶುರುವಾದದ್ದು ಈ ಊರಲ್ಲೇ. ಮಾಣಿಗಳಿಲ್ಲ, ಕುರ್ಚಿಗಳಿಲ್ಲ, ಹಾಗಾಗಿ ಬೆಲೆಯೂ ಹಗುರ. ಟೋಕನ್ ತೆಗೆದುಕೊಂಡು, ಬಿಸಿ ಇಡ್ಲಿ ವಡೆ ಮುಗಿಸಿ, ಇಬ್ಬರಿಗೆ ಒಂದು ಬೈಟು ಕಾಫಿ. ಚಳಿಗಾಲದಲ್ಲಾದರೆ ಅವರೆ ಮೇಳಕ್ಕೆ ಹೋಗಿ ಅವರೆಬೇಳೆ ದೋಸೆ ತಿನ್ನಿ. ಸೊಗಡಿನ ಅವರೆಯ ವಾಸನೆ ಬೀದಿಯ ತುದಿಯಲ್ಲೇ ಬರಮಾಡಿಕೊಳ್ಳುತ್ತದೆ.

ಊರಿನ ಅಂಚಿಗೆ ಹೋಗುವ ಮನಸ್ಸಿದ್ದರೆ ಎರಡು ಜಾಗ ಹೇಳುತ್ತೇನೆ. ಮೊದಲನೆಯದು ಹೊಸೂರು ರಸ್ತೆಯಿಂದ ಒಳಗೆ ಸರಿದು ಸಿಗುವ ಬೇಗೂರು. ಅಪಾರ್ಟ್‌ಮೆಂಟುಗಳ ನಡುವೆ ಗಂಗರ ಕಾಲದ ನಾಗೇಶ್ವರ ದೇವಸ್ಥಾನವಿದೆ. ಅಲ್ಲಿಯ ವೀರಗಲ್ಲಿನ ಶಾಸನವೊಂದು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಕಾಲ ಸುಮಾರು 9ನೇ ಶತಮಾನದ ಕೊನೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರುನೂರಕ್ಕೂ ಹೆಚ್ಚು ವರ್ಷ ಮೊದಲೇ ಈ ಹೆಸರಿನ ಊರೊಂದು ಇತ್ತು, ಅಲ್ಲಿನ ಕಾಳಗದಲ್ಲಿ ಜನ ಸತ್ತಿದ್ದರು ಎಂಬುದಕ್ಕೆ ಕಲ್ಲೇ ಸಾಕ್ಷಿ. ಶಾಸನವನ್ನು ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಈಚೆಗೆ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಮೋರಿ ಪಕ್ಕ, ಮನೆ ಕಾಂಪೌಂಡಿನಲ್ಲಿ ಹೂತುಹೋದ ಎಷ್ಟೋ ಕಲ್ಲುಗಳು ಹೀಗೆ ಮತ್ತೆ ಮಾತಾಡತೊಡಗಿವೆ. ನಿಮ್ಮ ಬಡಾವಣೆಯಲ್ಲೂ ಒಂದು ಇರಬಹುದು. ಹುಡುಕಿ ನೋಡುವುದೇ ಒಂದು ಒಳ್ಳೆಯ ಆಟ.

ಎರಡನೆಯದಕ್ಕೆ ರೈಲು ಹಿಡಿಯಬೇಕು. ಚಿಕ್ಕಬಳ್ಳಾಪುರ ಮಾರ್ಗದ ಸಾಮಾನ್ಯ ರೈಲಿನಲ್ಲಿ ಕೆಲವೇ ರೂಪಾಯಿಗೆ ನಂದಿ ಹಾಲ್ಟ್ ತಲುಪಬಹುದು. ಹೆಂಚಿನ ಮಾಡಿನ ಆ ಪುಟ್ಟ ನಿಲ್ದಾಣಕ್ಕೆ ನೂರು ವರ್ಷ ದಾಟಿದೆ. ನಸುಕಿನಲ್ಲಿ ಕಾರುಗಳ ಸಾಲಿನಲ್ಲಿ ನಿಂತು ಬೆಟ್ಟದ ಮೇಲೆ ಮಂಜು ನೋಡುವವರು ನೋಡಲಿ. ನಾನು ಹೇಳುವುದು ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. 9ನೇ ಶತಮಾನದಿಂದ ನೊಳಂಬ, ಗಂಗ, ಚೋಳ, ಹೊಯ್ಸಳ, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕೈಯಾಡಿಸಿದ ಜಾಗ ಇದು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಗುಡಿಗಳು ಅಕ್ಕಪಕ್ಕ. ನಡುವಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಬಳ್ಳಿಯ ಎಲೆ ಎಲೆಯೂ ಎಣಿಸುವಂತಿದೆ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎಂದು ಅಲ್ಲಿನವರು ಹೇಳುತ್ತಾರೆ. ಪಕ್ಕದ ಕಲ್ಯಾಣಿಯ ಮೆಟ್ಟಿಲಲ್ಲಿ ಕೂತು ಕಟ್ಟಿ ತಂದ ಚಿತ್ರಾನ್ನದ ಡಬ್ಬಿ ನೆನೆದರೆ ಹಸಿವಾಗುತ್ತದೆ. ಆದರೆ ಅದನ್ನು ಬಿಚ್ಚುವುದು ಆವರಣದ ಹೊರಗಿನ ಮರದ ನೆರಳಲ್ಲಿ. ಈ ಮಾರ್ಗದಲ್ಲಿ ರೈಲುಗಳು ಕಡಿಮೆ. ಹಿಂತಿರುಗುವ ರೈಲಿನ ಹೊತ್ತು ನೋಡಿಕೊಂಡೇ ಹೊರಡಿ. ತಪ್ಪಿದರೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಸ್ ಹಿಡಿಯುವುದು.

ಇನ್ನು ಹಬ್ಬಗಳ ಲೆಕ್ಕ ಬೇರೆಯೇ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಕುಮಾರಕೃಪಾ ರಸ್ತೆಯನ್ನೇ ಗ್ಯಾಲರಿ ಮಾಡುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಹಳೇಪೇಟೆಯ ಗಲ್ಲಿಗಳಲ್ಲಿ ಹಾದು ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತದೆ. ಇವೆಲ್ಲದರಲ್ಲಿ ಮನೆಮಂದಿಗೆಲ್ಲ ಒಗ್ಗುವುದು ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ. ಬೆಳೆಗೆ ನುಗ್ಗುತ್ತಿದ್ದ ಬಸವನಿಗೆ ಮೊದಲ ಫಸಲು ಒಪ್ಪಿಸುತ್ತೇವೆಂದು ಸುಂಕೇನಹಳ್ಳಿಯ ರೈತರು ಹರಕೆ ಹೊತ್ತರಂತೆ. ಆ ಹಳ್ಳಿ ಬಸವನಗುಡಿಯೊಳಗೆ ಕರಗಿಹೋದರೂ ಹರಕೆ ಉಳಿದಿದೆ. ಮುಖ್ಯ ದಿನದ ಸಂಜೆ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದಿನ ದಿನವೇ ಅಂಗಡಿಗಳು ಕೂತಿರುತ್ತವೆ. ಭಾನುವಾರ ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಹೋಗಿ. ಹಸಿ ಕಾಯಿ, ಹುರಿದ ಕಾಯಿ ಎರಡೂ ಸೇರಿನ ಲೆಕ್ಕದಲ್ಲಿ ಸಿಗುತ್ತವೆ. ರುಚಿ ನೋಡಿ, ನಾಲ್ಕು ಕಡೆ ಕೇಳಿ, ಆಮೇಲೆ ತೆಗೆದುಕೊಳ್ಳಿ. ದೂರದ ಹಳ್ಳಿಗಳಿಂದ ರಾತ್ರಿಯೆಲ್ಲ ಪಯಣಿಸಿ ಬಂದು ಫುಟ್‌ಪಾತಿನಲ್ಲಿ ರಾಶಿ ಹಾಕಿಕೊಂಡು ಕೂತವರ ಹತ್ತಿರ ಮಾತ್ರ ಹೆಚ್ಚು ಚೌಕಾಸಿ ಬೇಡ.